ಹುಡುಗರಿಗೆ ಓದಿನ ರುಚಿ ಹತ್ತಿಸಿದ ಪಂಜೆ ಮಂಗೇಶರಾಯರು

ಪಂಜೆ ಮಂಗೇಶರಾಯರು 1874ನೆಯ ಇಸವಿಯಲ್ಲಿ ಬಂಟವಾಳದಲ್ಲಿ ಹುಟ್ಟಿದರು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳೂ ಆಗ ಅದೇ ಜಿಲ್ಲೆಗೆ ಸೇರಿದ್ದವು. ಅವರು ಬಡತನದಲ್ಲಿ ಕಲಿತು ಉಪಾಧ್ಯಾಯರಾದರು. ಬಳಿಕ ಶಾಲೆಗಳ ತನಿಖಾಧಿಕಾರಿಗಳಾದರು. ಬೆತ್ತಕ್ಕೆ ಅಂಜಿ ಬಾಯಿಪಾಠ ಒಪ್ಪಿಸುವ ಹುಡುಗನು ಪುಸ್ತಕವನ್ನು ಪ್ರೀತಿಸುವದುಂಟೋ? ಪಂಜೆಯವರಾದರೋ ಹಾವು, ಗಾಳಿ, ಇಲಿ ಮುಂತಾದ ಮಕ್ಕಳು ಬಲ್ಲ ಸಂಗತಿಗಳನ್ನೇ ಹಾಡಿಗೂ ಕಥೆಗೂ ತಂದು, ಕುಣಿಯುತ್ತಾ ಹೇಳತಕ್ಕ ಸರಳ ಕನ್ನಡದಲ್ಲಿ ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, 1937ರಲ್ಲಿ ತೀರಿಕೊಂಡರು.

ತಂದೆತಾಯಿಗಳೇ, ನಿಮ್ಮ ಹುಡುಗನು ಪುಸ್ತಕವನ್ನು ಕಂಡು ಓಡುವನೋ? ಹೊಡೆಯಬೇಡಿರಿ. ಸಾಯಂಕಾಲ ಅವನನ್ನು ಬಳಿಯಲ್ಲಿ ಕುಳ್ಳಿರಿಸಿ ಕಥೆಯನ್ನು ಅರ್ಧ ಓದಿ ಹೇಳಿರಿ. ಉಳಿದರ್ಧಕ್ಕಾಗಿ ಪುಸ್ತಕವನ್ನು ಅವನ ಕೈಗೇ ಕೊಡಿರಿ.