ರಕ್ತಪಿಶಾಚಿಗೆ ಕೋಟು ತೊಡಿಸಿದ ಹುಡುಗ

ಮೊದಲ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ರೂಮಿಗೆ ‘ಟ್ವೈಲೈಟ್’ ಕಾದಂಬರಿಯ ಹರಿದ ಪ್ರತಿಯೊಂದು ಬಂದಿತ್ತು. ಇಂಟರ್ನಲ್ಸ್ ಹತ್ತಿರವಿದ್ದರೂ ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದೆ. ವ್ಯಾಂಪೈರ್ ಹುಡುಗ, ಮನುಷ್ಯರ ಹುಡುಗಿ. ಹತ್ತಿರ ಬಂದರೆ ಪ್ರಾಣಕ್ಕೇ ಅಪಾಯ, ದೂರ ಇರೋಣವೆಂದರೆ ಮನಸ್ಸು ಕೇಳದು. ಸ್ಮಶಾನದ ಪಿಶಾಚಿಯನ್ನು ಹೀಗೆ ಮನಸೆಳೆಯುವ ಸುಂದರಾಂಗನನ್ನಾಗಿ ಮಾಡಿದವರು ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕವನು ಜಾನ್ ವಿಲಿಯಂ ಪಾಲಿಡೋರಿ. ಆ ಕಥೆಯ ಬೀಜ ಬಿದ್ದಾಗ ಅವನಿಗೆ ಈಗ ನನಗಿರುವಷ್ಟೇ ವಯಸ್ಸು, ಬರೀ ಇಪ್ಪತ್ತು.

ಪಾಲಿಡೋರಿ 1795ರಲ್ಲಿ ಲಂಡನ್‌ನಲ್ಲಿ ಹುಟ್ಟಿದ. ಅಪ್ಪ ಇಟಲಿಯಿಂದ ಬಂದು ನೆಲೆಸಿದ ವಿದ್ವಾಂಸ, ಅಮ್ಮ ಇಂಗ್ಲಿಷ್ ಹೆಣ್ಣುಮಗಳು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ ಹತ್ತೊಂಬತ್ತಕ್ಕೇ ಡಾಕ್ಟರ್ ಆದ. ಅವನ ಪ್ರಬಂಧದ ವಿಷಯ ನಿದ್ದೆಯಲ್ಲಿ ನಡೆಯುವ ಕಾಯಿಲೆ. ಆದರೆ ಅವನ ಮನಸ್ಸೆಲ್ಲ ಸಾಹಿತ್ಯದಲ್ಲಿತ್ತು. 1816ರಲ್ಲಿ ಕವಿ ಲಾರ್ಡ್ ಬೈರನ್‌ಗೆ ಖಾಸಗಿ ವೈದ್ಯನಾಗಿ ಯುರೋಪ್ ಪ್ರವಾಸಕ್ಕೆ ಹೊರಡುವ ಅವಕಾಶ ಸಿಕ್ಕಿತು. ಬೈರನ್ ಎಂದರೆ ಆಗಿನ ಸೂಪರ್‌ಸ್ಟಾರ್. ಆ ಹೊತ್ತಿಗೆ ಮದುವೆ ಮುರಿದು, ಹತ್ತಾರು ಗಾಳಿಮಾತುಗಳ ನಡುವೆ ದೇಶ ಬಿಟ್ಟು ಹೊರಟಿದ್ದ.

ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ದೂಳು ಆಕಾಶಕ್ಕೆ ಹಬ್ಬಿ ಯುರೋಪಿನಲ್ಲಿ ಆ ವರ್ಷ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ವಿಲ್ಲಾ ಡಿಯೊಡಾಟಿಯಲ್ಲಿ ಮಳೆಗೆ ಸಿಕ್ಕಿ ಕುಳಿತವರು ಬೈರನ್, ಪಾಲಿಡೋರಿ ಮತ್ತು ಪಕ್ಕದ ಮನೆಯಿಂದ ಬರುತ್ತಿದ್ದ ಕವಿ ಶೆಲ್ಲಿ, ಹದಿನೆಂಟರ ಮೇರಿ, ಅವಳ ಮಲತಂಗಿ ಕ್ಲೇರ್. ಶೆಲ್ಲಿಗೆ ಇಂಗ್ಲೆಂಡಿನಲ್ಲಿ ಹೆಂಡತಿಯಿದ್ದಳು. ಅವನ ಜೊತೆ ಓಡಿಬಂದಿದ್ದ ಮೇರಿಯದು ಸಮಾಜ ಒಪ್ಪದ ಪ್ರೀತಿ.

ಪಾಲಿಡೋರಿಗೂ ಮೇರಿಯ ಮೇಲೆ ಮನಸ್ಸಿತ್ತು ಎನ್ನುತ್ತಾರೆ. ಒಂದು ದಿನ ಅವಳು ಒದ್ದೆ ದಾರಿಯಲ್ಲಿ ಹತ್ತಿ ಬರುತ್ತಿದ್ದಾಗ ಬೈರನ್ ಹುರಿದುಂಬಿಸಿದ ಎಂದು, ಅವಳಿಗೆ ಕೈ ಕೊಡಲು ಗೋಡೆಯಿಂದ ಹಾರಿ ಕಾಲು ಉಳುಕಿಸಿಕೊಂಡ. ಅವಳಾದರೋ ತನಗಿಂತ ದೊಡ್ಡವನಾದ ಅವನನ್ನು ತಮ್ಮನೆಂದು ಕರೆದಳು. ಬೈರನ್‌ಗೂ ಅವನು ನಗೆಪಾಟಲಿನ ವಸ್ತು.

ಒಂದು ರಾತ್ರಿ, ಎಲ್ಲರೂ ಒಂದೊಂದು ಭೂತದ ಕಥೆ ಬರೆಯೋಣ ಎಂದ ಬೈರನ್. ಮೇರಿಯಿಂದ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿತು. ಬೈರನ್ ನಾಲ್ಕು ಪುಟ ಗೀಚಿ ಬಿಟ್ಟ. ಆ ತುಣುಕನ್ನೇ ಎತ್ತಿಕೊಂಡು ಪಾಲಿಡೋರಿ ‘ದಿ ವ್ಯಾಂಪೈರ್’ ಬರೆದ.

ಅಲ್ಲಿಯವರೆಗೆ ರಕ್ತಪಿಶಾಚಿ ಎಂದರೆ ಪೂರ್ವ ಯುರೋಪಿನ ಹಳ್ಳಿಗಳ ಊದಿಕೊಂಡ ಹೆಣ. ಪಾಲಿಡೋರಿ ಅದಕ್ಕೆ ಶ್ರೀಮಂತರ ಕೋಟು ತೊಡಿಸಿ ಲಂಡನ್ನಿನ ಪಾರ್ಟಿಗಳಿಗೆ ಕರೆತಂದ. ಅವನ ಲಾರ್ಡ್ ರುತ್ವೆನ್ ಯಾರನ್ನಾದರೂ ಮರುಳು ಮಾಡಬಲ್ಲ. ಆಬ್ರಿ ಎಂಬ ಮುಗ್ಧ ಹುಡುಗ ಅವನ ಜೊತೆ ಪ್ರವಾಸ ಹೊರಡುತ್ತಾನೆ. ಗ್ರೀಸಿನಲ್ಲಿ ಆಬ್ರಿ ಮೆಚ್ಚಿದ ಹುಡುಗಿ ಪಿಶಾಚಿಗೆ ಬಲಿಯಾಗುತ್ತಾಳೆ. ಕಳ್ಳರ ಗುಂಡು ತಗುಲಿ ಸಾಯುವಾಗ ರುತ್ವೆನ್, ತನ್ನ ಸಾವಿನ ಸುದ್ದಿಯನ್ನು ಒಂದು ವರ್ಷ ಒಂದು ದಿನ ಯಾರಿಗೂ ಹೇಳದಂತೆ ಆಣೆ ಹಾಕಿಸಿಕೊಳ್ಳುತ್ತಾನೆ. ಆಮೇಲೆ ಜೀವಂತವಾಗಿ ಬಂದು ಆಬ್ರಿಯ ತಂಗಿಯನ್ನೇ ಮದುವೆಯಾಗುತ್ತಾನೆ. ಎಲ್ಲ ಗೊತ್ತಿದ್ದೂ ಅಣ್ಣನ ಬಾಯಿ ಕಟ್ಟಿದೆ.

ಆ ಬೇಸಿಗೆ ಮುಗಿಯುತ್ತಲೇ ಬೈರನ್ ಅವನನ್ನು ಕೆಲಸದಿಂದ ಬಿಡಿಸಿದ. 1819ರಲ್ಲಿ ಕಥೆ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಆದರೆ ಬೈರನ್ ಹೆಸರಿನಲ್ಲಿ! ಅದು ತನ್ನದೆಂದು ಪಾಲಿಡೋರಿ ಪತ್ರ ಬರೆದ, ತನ್ನದಲ್ಲವೆಂದು ಬೈರನ್ನೂ ಹೇಳಿದ. ದೊಡ್ಡ ಹೆಸರಿಗಿದ್ದ ಬೆಲೆ ನಿಜಕ್ಕಿರಲಿಲ್ಲ. ಮರುವರ್ಷ ಪ್ಯಾರಿಸ್ಸಿನಲ್ಲಿ ಅದು ನಾಟಕವೂ ಆಯಿತು. 1821ರ ಆಗಸ್ಟ್‌ನಲ್ಲಿ, ಸಾಲ ಮತ್ತು ಖಿನ್ನತೆಯಲ್ಲಿ ನರಳಿದ ಪಾಲಿಡೋರಿ ಲಂಡನ್ನಿನಲ್ಲಿ ತೀರಿಕೊಂಡ. ವಿಚಾರಣೆಯಲ್ಲಿ ಸಹಜ ಸಾವು ಎಂದು ದಾಖಲಾಯಿತು, ಮನೆಯವರು ನಂಬಲಿಲ್ಲ. ಅವನಿಗಾಗ ಇಪ್ಪತ್ತೈದು.

ಅವನ ತಂಗಿ ಫ್ರಾನ್ಸಿಸ್‌ಳ ಮಗಳೇ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿ. ಅವನ ದಿನಚರಿಯನ್ನು 1911ರಲ್ಲಿ ಪ್ರಕಟಿಸಿದವನು ಫ್ರಾನ್ಸಿಸ್‌ಳ ಮಗ ವಿಲಿಯಂ. ಅದಕ್ಕೂ ಮೊದಲೇ, 1897ರಲ್ಲಿ ‘ಡ್ರಾಕುಲಾ’ ಬಂದಿತ್ತು.

‘ಟ್ವೈಲೈಟ್’ ಓದುವಾಗ ಅಪಾಯವೇ ಪ್ರೀತಿಯ ಸೊಗಸು ಅನ್ನಿಸಿತ್ತು. ಪಾಲಿಡೋರಿಗೆ ಆ ಮೋಡಿ ಕಲ್ಪನೆಯಲ್ಲ, ಅವನು ಅದರ ಜೊತೆ ಒಂದೇ ಗಾಡಿಯಲ್ಲಿ ಓಡಾಡಿದ್ದ. ನಾನೂ ಸೀನಿಯರ್ ಒಬ್ಬರ ಮೆಚ್ಚುಗೆಗಾಗಿ ಇಡೀ ವರ್ಷ ಅವರ ಹಿಂದೆ ಸುತ್ತಿದವನೇ. ಅವರು ಬೇರೆಯವರನ್ನು ಗೇಲಿ ಮಾಡಿದಾಗ ನಕ್ಕೆ, ನನ್ನನ್ನೇ ಗೇಲಿ ಮಾಡಿದಾಗಲೂ ನಕ್ಕೆ. ಯಾರೂ ನನ್ನಿಂದ ಆಣೆ ಹಾಕಿಸಿಕೊಂಡಿರಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ಆ ಕಥೆ ಓದಿದ ರಾತ್ರಿ ನನ್ನನ್ನು ಹೆದರಿಸಿದ್ದು ರುತ್ವೆನ್ ಅಲ್ಲ, ಆಬ್ರಿಯ ಮೌನ.