ಬೆಂಗಳೂರಲ್ಲಿ ಕಾಸ್ಮಿಕ್ ಕಿರಣ ಅಳೆದ ಅಹಮದಾಬಾದ್ ಯುವಕ: ಇದು ವಿಕ್ರಮ್ ಸಾರಾಭಾಯಿ ಕಥೆ

ಬಾಹ್ಯಾಕಾಶದಲ್ಲಿ ಮನುಷ್ಯ ವರ್ಷಗಟ್ಟಲೆ ಬದುಕಬೇಕೆಂದರೆ ಎಂಥ ಮನೆ ಬೇಕು? ಇದನ್ನು ತಿಳಿಯಲು ಇಸ್ರೋ 2024ರ ನವೆಂಬರ್‌ನಲ್ಲಿ ಲೇಹ್‌ನಲ್ಲಿ 'ಹ್ಯಾಬ್-1' ಪ್ರಯೋಗ ನಡೆಸಿತು. ಗುಜರಾತ್‌ನ ಆಕಾ ಸ್ಪೇಸ್ ಸ್ಟುಡಿಯೊ ಇದಕ್ಕೆ ಕೈಜೋಡಿಸಿತ್ತು. ಅಂಥ ಮನೆ ಕಟ್ಟುವವರಿಗೆ ದೊಡ್ಡ ತಲೆನೋವು ವಿಕಿರಣ, ಅದರಲ್ಲೂ ಕಾಸ್ಮಿಕ್ ಕಿರಣ. ಅದೇ ಕಿರಣಗಳ ಹಿಂದೆ ಬಿದ್ದು ವಿಜ್ಞಾನಿಯಾದವರು ವಿಕ್ರಮ್ ಸಾರಾಭಾಯಿ.

1919ರ ಆಗಸ್ಟ್ 12ರಂದು ಅಹಮದಾಬಾದ್‌ನ ಶ್ರೀಮಂತ ಗಿರಣಿ ಮಾಲೀಕ ಅಂಬಾಲಾಲ್ ಅವರ ಮನೆಯಲ್ಲಿ ಜನನ. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ತಾಯ್ನಾಡಿಗೆ ಮರಳಿದ ಅವರು ಸೇರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಸಿ.ವಿ. ರಾಮನ್ ಮಾರ್ಗದರ್ಶನ, ಹೋಮಿ ಭಾಭಾ ಒಡನಾಟ ಎರಡೂ ಸಿಕ್ಕವು. ಕಾಸ್ಮಿಕ್ ಕಿರಣಗಳು ಕಾಲಕ್ಕೆ ತಕ್ಕಂತೆ ಹೇಗೆ ಏರಿಳಿಯುತ್ತವೆ ಎಂಬುದೇ ಅವರ ಅಧ್ಯಯನ. ಎತ್ತರ ಹೆಚ್ಚಿದಂತೆ ಕಿರಣಗಳೂ ಹೆಚ್ಚುವುದರಿಂದ ಉಪಕರಣ ಹೊತ್ತು ಕಾಶ್ಮೀರದ ಬೆಟ್ಟಗಳನ್ನೂ ಏರಿದರು.

1947ರ ನವೆಂಬರ್‌ನಲ್ಲಿ ಅಹಮದಾಬಾದ್‌ನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದಾಗ ವಯಸ್ಸು ಕೇವಲ 28. ಕಾಲೇಜೊಂದರ ಕೆಲವು ಕೋಣೆಗಳೇ ಆಗ ಅದರ ನೆಲೆ. ನಂತರ ಜವಳಿ ಸಂಶೋಧನಾ ಸಂಸ್ಥೆ, ಐಐಎಂ, ವಡೋದರಾದಲ್ಲಿ ಕುಟುಂಬದ ಔಷಧ ಕಾರ್ಖಾನೆ ಹೀಗೆ ಹೊಣೆಗಳು ಬೆಳೆಯುತ್ತಲೇ ಹೋದವು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಚರ್ಚ್ ಕಟ್ಟಡವೇ ಅಲ್ಲಿ ಕಚೇರಿ! 1969ರಲ್ಲಿ ಇಸ್ರೋ ಹುಟ್ಟಿತು.

ಆದರೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಪೈಪೋಟಿ ಭಾರತಕ್ಕೆ ಬೇಡ ಎಂಬುದು ಸಾರಾಭಾಯಿ ಖಚಿತ ನಿಲುವಾಗಿತ್ತು. ಹಸಿವಿನ ದೇಶಕ್ಕೆ ರಾಕೆಟ್ ಯಾಕೆ ಎಂದು ಕೇಳುತ್ತಿದ್ದವರಿಗೆ ಅವರು ತೋರಿಸಿದ್ದು ಹವಾಮಾನ, ಸಂಪರ್ಕ ಮತ್ತು ಹಳ್ಳಿಯ ಟಿವಿ. 2035ಕ್ಕೆ ಸ್ವಂತ ಬಾಹ್ಯಾಕಾಶ ನಿಲ್ದಾಣದ ಗುರಿ ಇಟ್ಟುಕೊಂಡಿರುವ ಇಂದಿನ ಭಾರತ ಆ ಮಾತಿನಿಂದ ಬಹುದೂರ ಬಂದಿದೆ ಎನ್ನಲೇಬೇಕು.

1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಅವರು ನಿಧನರಾದರು. ಆಗ 52 ವರ್ಷ. ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ಎಂಬ ಕನಸು ನನಸಾಗಿದ್ದು 1975ರಲ್ಲಿ. ಅಮೆರಿಕದ ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮ ತಲುಪಿಸಲಾಯಿತು. ಕರ್ನಾಟಕದ ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು.