ಪಿಂಗ್ ಬರೆದ ಮೈಕ್ ಮೂಸ್

ನೆಟ್‌ವರ್ಕ್ ಲ್ಯಾಬ್‌ನಲ್ಲಿ ನಾವು ಮೊದಲು ಟೈಪ್ ಮಾಡೋ ಕಮಾಂಡ್ ಪಿಂಗ್. ಹಾಸ್ಟೆಲ್ ವೈಫೈ ಕೈಕೊಟ್ಟಾಗಲೂ ಅದೇ. ಆದ್ರೆ ಅದನ್ನು ಬರೆದವರು ಯಾರು ಅಂತ ಕೇಳಿದ್ರೆ ಉತ್ತರ ಹೇಳೋರು ಕಡಿಮೆ. ಅವರ ಹೆಸರು ಮೈಕ್ ಮೂಸ್. ಅದು ಅವರ ಒಂದೇ ಒಂದು ರಾತ್ರಿಯ ಕೆಲಸ.

ಮೂಸ್ ಹುಟ್ಟಿದ್ದು 1958ರಲ್ಲಿ, ಅಮೆರಿಕದಲ್ಲಿ. ಓದಿದ್ದು ಜಾನ್ಸ್ ಹಾಪ್ಕಿನ್ಸ್‌ನಲ್ಲಿ. ಕಾಲೇಜಿನಲ್ಲಿದ್ದಾಗ ಸೋನಾರ್, ರೇಡಾರ್‌ಗಳ ಮಾಡೆಲಿಂಗ್ ತುಂಬಾ ಮಾಡಿದ್ದರು. ಆಮೇಲೆ ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿದ್ದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಗೆ ಸೇರಿದರು. ಎನಿಯಾಕ್ ಕಂಪ್ಯೂಟರನ್ನು ಕಟ್ಟಿಸಿದ್ದು ಇದೇ ಲ್ಯಾಬ್! ಅಲ್ಲಿ ಅವರ ನಿಜವಾದ ಕೆಲಸ ಬಿಆರ್‌ಎಲ್-ಕ್ಯಾಡ್ ಅನ್ನೋ ದೊಡ್ಡ ಸಾಫ್ಟ್‌ವೇರ್. ಯುದ್ಧವಾಹನಗಳ ಘನಾಕೃತಿಯನ್ನು ಕಂಪ್ಯೂಟರ್‌ನಲ್ಲಿ ಕಟ್ಟಿ ವಿಶ್ಲೇಷಣೆ ಮಾಡೋದಕ್ಕೆ ಅದು ಬೇಕಿತ್ತು. ಅದಕ್ಕೆ ವರ್ಷಗಟ್ಟಲೆ ದುಡಿದರು.

1983ರ ಜನವರಿ 1ರಂದು ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಯಿತು. ಐಪಿಯಲ್ಲಿ ಪೂರ್ತಿ ದಾರಿ ಯಾವ ರೂಟರ್‌ಗೂ ಗೊತ್ತಿರಬೇಕಿಲ್ಲ. ಪ್ರತಿಯೊಂದೂ ತನ್ನ ರೂಟಿಂಗ್ ಟೇಬಲ್ ನೋಡಿ ಪ್ಯಾಕೆಟ್ಟನ್ನು ಮುಂದಿನವರ ಕೈಗೆ ದಾಟಿಸುತ್ತೆ ಅಷ್ಟೇ. ಹಾಗಾಗಿ ಎಲ್ಲೋ ಕೆಟ್ಟರೆ ಎಲ್ಲಿ ಅಂತ ಹುಡುಕೋದೇ ದೊಡ್ಡ ತಲೆನೋವು. ಕೂಗಿದ ಕಡೆಗೆ ಓಗೊಡಬೇಕು ಅನ್ನೋ ನಿಯಮವೊಂದು ಐಸಿಎಂಪಿಯಲ್ಲಿ 1981ರಿಂದಲೇ ಇತ್ತು: ಎಕೋ ಕೇಳಿದ ಪ್ಯಾಕೆಟ್ ಬಂದ್ರೆ ಅದನ್ನು ವಾಪಸ್ ಕಳಿಸಬೇಕು. 1983ರ ಜುಲೈಯಲ್ಲಿ ನಾರ್ವೆಯ ಒಂದು ಮೀಟಿಂಗ್‌ನಲ್ಲಿ ಡೇವ್ ಮಿಲ್ಸ್ ಅವರು, ಇದೇ ಎಕೋ ಬಳಸಿ ದಾರಿಯ ವಿಳಂಬ ಅಳೆದದ್ದನ್ನು ಮಾತಿನ ಮಧ್ಯೆ ಹೇಳಿದ್ದರು. ಮೂಸ್ ಅದನ್ನು ಮರೆಯಲಿಲ್ಲ.

ಡಿಸೆಂಬರ್‌ನಲ್ಲಿ ಲ್ಯಾಬಿನ ನೆಟ್‌ವರ್ಕ್ ವಿಚಿತ್ರವಾಗಿ ಆಡತೊಡಗಿತು. ಆಗ ಮೂಸ್‌ಗೆ 25 ವರ್ಷ. ಕೂತು ಪ್ರೋಗ್ರಾಮ್ ಬರೆದರು. ಕಂಪೈಲ್ ಆಯ್ತು, ಓಡಲಿಲ್ಲ. ಯಾಕಂದ್ರೆ ಯುನಿಕ್ಸ್ ಕರ್ನಲ್‌ನಲ್ಲಿ ಐಸಿಎಂಪಿಗೆ ರಾ ಸಾಕೆಟ್ ಸೌಲಭ್ಯವೇ ಇರಲಿಲ್ಲ. ನಾವಾಗಿದ್ರೆ ಲ್ಯಾಪ್‌ಟಾಪ್ ಮುಚ್ಚಿ ಮಲಗ್ತಿದ್ವಿ. ಮೂಸ್ ಸಿಟ್ಟಿಗೆದ್ದು ಕರ್ನಲ್ ಕೋಡನ್ನೂ ಬರೆದರು. ಬೆಳಗಾಗೋ ಮೊದಲೇ ಎಲ್ಲಾ ಸರಿಯಾಯ್ತು. ತಮಾಷೆ ಏನಂದ್ರೆ, ಮೊದಲ ಪಿಂಗ್ ಪ್ಯಾಕೆಟ್ ಹೊರಡೋ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಹಾರ್ಡ್‌ವೇರ್ ದೋಷ ಹುಡುಕಿ ರಿಪೇರಿ ಮಾಡಿಯಾಗಿತ್ತು.

ಹೆಸರು ಸೋನಾರ್ ಮಾಡೋ ಸದ್ದಿನದು. ವೈವಾದಲ್ಲಿ ಪಿಂಗ್‌ನ ಫುಲ್ ಫಾರ್ಮ್ ಕೇಳ್ತಾರಲ್ಲ, ಆ ವಿಸ್ತರಣೆ ಮಿಲ್ಸ್ ಕಟ್ಟಿದ್ದಂತೆ. ಮೂಸ್ ಪಾಲಿಗೆ ಅದು ಬರೀ ಸದ್ದು.

ದೂರದ ಸರ್ವರ್ ನೋಡಿಕೊಳ್ಳೋರಿಗೆ ಈ ಸದ್ದಿನ ಬೆಲೆ ಗೊತ್ತು. ಪಿಂಗ್ ಕೊಟ್ಟ ಕೂಡಲೇ ನೆಟ್‌ವರ್ಕ್ ಅನ್‌ರೀಚಬಲ್ ಅಂತ ಬಂದ್ರೆ ಸಾಮಾನ್ಯವಾಗಿ ನಮ್ಮ ಮೆಷಿನ್‌ನಲ್ಲೇ ಆ ಕಡೆಗೆ ರೂಟ್ ಇಲ್ಲ, ಪ್ಯಾಕೆಟ್ ಮನೆ ಬಿಟ್ಟು ಹೊರಟೇ ಇಲ್ಲ. ಐಪಿ ರೂಟ್ ಕಮಾಂಡ್ ಕೊಟ್ಟು ಟೇಬಲ್ ನೋಡಬೇಕು. ಹೋಸ್ಟ್ ಅನ್‌ರೀಚಬಲ್ ಅಂದ್ರೆ ಮುಟ್ಟಿಸೋಕಾಗಲಿಲ್ಲ ಅಂತ ದಾರಿಯಲ್ಲಿ ಯಾರೋ, ಇಲ್ಲಾ ನಮ್ಮ ಮೆಷಿನ್ನೇ, ಹೇಳಿದೆ. ಏನೂ ಬರದೆ ಸುಮ್ಮನಿದ್ರೆ ಅದೇ ಕಷ್ಟ. ಫೈರ್‌ವಾಲ್ ತಡೆದಿರಬಹುದು. ಅಥವಾ ಕೂಗು ತಲುಪಿದೆ, ಸರ್ವರ್ ಓಗೊಟ್ಟಿದೆ, ಆದ್ರೆ ಅದರ ಟೇಬಲ್‌ನಲ್ಲಿ ನಮ್ಮ ಕಡೆಗೆ ದಾರಿ ತಪ್ಪಾಗಿದೆ. ಹೋಗೋ ದಾರಿ ಬೇರೆ, ಬರೋ ದಾರಿ ಬೇರೆ. ಎಸ್‌ಎಸ್‌ಎಚ್‌ನಲ್ಲಿ ಒಳಗೆ ಕೂತು ಸರ್ವರ್‌ನ ಡೀಫಾಲ್ಟ್ ರೂಟ್ ಅಳಿಸೋರು ಕೂತ ಕೊಂಬೆಯನ್ನೇ ಕಡಿದ ಹಾಗೆ ಆಗೋದು ಇದಕ್ಕೇ: ನಾವು ಒತ್ತಿದ ಕೀ ಅಲ್ಲಿಗೆ ತಲುಪುತ್ತೆ, ಉತ್ತರ ಮಾತ್ರ ವಾಪಸ್ ಬರೋದಿಲ್ಲ.

ಬರ್ಕ್‌ಲಿಯವರು ಪಿಂಗ್ ಜೊತೆ ಮೂಸ್‌ರ ಕರ್ನಲ್ ಬದಲಾವಣೆಗಳನ್ನೂ ತಮ್ಮ ಯುನಿಕ್ಸ್‌ಗೆ ಸೇರಿಸಿಕೊಂಡರು. ದಾರಿಯ ರೂಟರ್‌ಗಳನ್ನು ಒಂದೊಂದಾಗಿ ತೋರಿಸೋ ಟ್ರೇಸ್‌ರೂಟನ್ನು ವ್ಯಾನ್ ಜೇಕಬ್ಸನ್ ಆಮೇಲೆ ಬರೆದರು. ಅದೂ ವಾಪಸ್ ಬರೋ ಐಸಿಎಂಪಿ ಸಂದೇಶಗಳನ್ನೇ ಓದುತ್ತೆ. ಕೋಡ್ ಉಚಿತವಾಗಿದ್ದರಿಂದ ಪಿಂಗ್ ವಿಂಡೋಸ್‌ಗೂ ಹೋಯ್ತು. ಮೂಸ್‌ಗೆ ತುಂಬಾ ಇಷ್ಟವಾದ ಕಥೆ ಒಂದಿತ್ತು. ಆಗಾಗ ಕಡಿದುಹೋಗ್ತಿದ್ದ ಈಥರ್‌ನೆಟ್‌ನಿಂದ ಬೇಸತ್ತ ಒಬ್ಬ ಅಡ್ಮಿನ್, ಪಿಂಗ್ ಔಟ್‌ಪುಟ್ಟನ್ನು ಧ್ವನಿಯಾಗಿಸಿ ಆಫೀಸಿನ ಸ್ಟೀರಿಯೋಗೆ ಕೊಟ್ಟನಂತೆ. ಅದು ಸೆಕೆಂಡಿಗೊಮ್ಮೆ ಪಿಂಗ್ ಪಿಂಗ್ ಅಂತ ಅರಚುತ್ತಿದ್ರೆ ಇವನು ಕಟ್ಟಡವೆಲ್ಲಾ ಸುತ್ತಿ ಕನೆಕ್ಟರ್‌ಗಳನ್ನು ಅಲ್ಲಾಡಿಸ್ತಾ ಹೋದ. ಯಾವುದನ್ನು ಮುಟ್ಟಿದಾಗ ಸದ್ದು ನಿಂತಿತೋ ಅದೇ ಕಳ್ಳ.

1993ರಲ್ಲಿ ಯೂಸ್‌ನಿಕ್ಸ್ ಸಂಸ್ಥೆ ಬರ್ಕ್‌ಲಿ ತಂಡಕ್ಕೆ ಕೊಟ್ಟ ಜೀವಮಾನ ಸಾಧನೆಯ ಗೌರವದಲ್ಲಿ ಮೂಸ್‌ಗೂ ಪಾಲು ಸಿಕ್ಕಿತು. ಇದೇ ತನ್ನ ಅತಿ ಪ್ರಸಿದ್ಧ ಕೆಲಸ ಆಗುತ್ತೆ ಅಂತ ಗೊತ್ತಿದ್ರೆ ಇನ್ನೊಂದೆರಡು ದಿನ ಕೂತು ಹೆಚ್ಚು ಆಪ್ಷನ್ ಸೇರಿಸ್ತಿದ್ದೆ ಅಂತ ಅವರು ನಗುತ್ತಾ ಬರೆದುಕೊಂಡಿದ್ದರು. ನನಗೇನೋ ಕಡಿಮೆ ಇದ್ದದ್ದೇ ಒಳ್ಳೇದಾಯ್ತು ಅನ್ನಿಸುತ್ತೆ.

2000ದ ನವೆಂಬರ್ 20ರಂದು ಹೆದ್ದಾರಿಯ ಅಪಘಾತವೊಂದರಲ್ಲಿ ಮೂಸ್ ತೀರಿಕೊಂಡರು. 42 ವರ್ಷ. ವರ್ಷಗಟ್ಟಲೆ ಕಟ್ಟಿದ ಬಿಆರ್‌ಎಲ್-ಕ್ಯಾಡ್ ಓಪನ್ ಸೋರ್ಸ್ ಆಗಿದ್ದು ಅದಾಗಿ ನಾಲ್ಕು ವರ್ಷಕ್ಕೆ, 2004ರ ಡಿಸೆಂಬರ್‌ನಲ್ಲಿ.